ನೂರಾ ನಾಲ್ಕನೇ ಪುಟ

ಶೆಫೀಲ್ಡಿನ ಅಟರ್‌ಕ್ಲಿಫ್ ರಸ್ತೆಯ ಲೈಬ್ರರಿಯಲ್ಲಿ
ಮರಳಿ ಬಂದ ಪುಸ್ತಕಗಳ ಪೆನ್ಸಿಲ್ ಗೀಚು ಅಳಿಸುವುದು
ನನ್ನ ಸೋಮವಾರದ ಕೆಲಸ.
ಇವತ್ತಿನದು ಬಾಕ್ಸಿಂಗ್ ಗುರುಗಳ ಕುರಿತದ್ದು,
ಬೆನ್ನು ಸಡಿಲ, ಬೆವರಿನದೋ ಚಹಾದ್ದೋ ವಾಸನೆ.

ಪುಟ ಒಂಬತ್ತರಲ್ಲೇ ಒಬ್ಬ:
"ಬರೆದವನು ಒಂದೇಟೂ ತಿಂದವನಲ್ಲ."
ಅದರ ಕೆಳಗೆ ದುಂಡಕ್ಷರ:
"ತಿಂದವರು ಬರೆಯೋದಿಲ್ಲ ಮಾರಾಯ, ಕೈ ನಡುಗುತ್ತೆ."
ಉಗುಳುವ ಬಕೆಟ್ಟಿನ ಅಧ್ಯಾಯಕ್ಕೆ: "ಉದ್ದವಾಯಿತು."
ಸೀಳಿದ ಹುಬ್ಬಿಗೆ ಹತ್ತಿ ಒತ್ತುವ ಬಗೆಗೆ:
"ಸರಿ. ಹೀಗೇ."

ನೂರಾ ನಾಲ್ಕು. ಹೋಲ್‌ರಾಯ್ಡ್ ಎಂಬ ಗುರು
ಏಳನೇ ಸುತ್ತಿನಲ್ಲಿ ಟವೆಲ್ ಎಸೆದ ಪುಟ.
"ಹೇಡಿ." ಕಾಗದ ಹರಿಯುವಷ್ಟು ಒತ್ತಿ.
"ಇನ್ನೆರಡು ನಿಮಿಷ ಕಾಯಬಹುದಿತ್ತು."
"ನೀನೆಷ್ಟು ಬಾಜಿ ಕಟ್ಟಿದ್ದೆ?"
ಅಂಚು ತುಂಬಿ ಸಾಲುಗಳ ಸಂದಿಗೂ ಇಳಿದ ಜಗಳ.
ತಳದಲ್ಲಿ, ದಿನಸಿ ಚೀಟಿ ಬರೆದು ರೂಢಿಯಾದ ಕೈ:
"ಅವತ್ತು ಸೋತವನು ನನ್ನ ಗಂಡ.
ಈಗ ಎಪ್ಪತ್ತೊಂದು. ದಿನಾ ಪದಬಂಧ ತುಂಬಿಸುತ್ತಾನೆ,
ಪೆನ್ನಿನಲ್ಲೇ."

ಲೈಬ್ರರಿ ಮುಚ್ಚುವ ಗಂಟೆ ಬಾರಿಸುವುದು ಐದಕ್ಕೆ.
ಗಡಿಯಾರ ನೋಡಿದೆ. ರಬ್ಬರ್ ಹಿಡಿದು
ಒಂಬತ್ತನೇ ಪುಟದಿಂದ
ತುಂಬ ನಿಧಾನಕ್ಕೆ ಶುರು ಮಾಡಿದೆ.