ಓರೆ ಎಳೆತ

ದೊಡ್ಡಪೇಟೆಯ ಈ ಮನೆಗೆ ಕೆಳಗೆಲ್ಲ ಮಣ್ಣುಗೋಡೆ,
ಇಟ್ಟಿಗೆ ಹೇರಿದರೆ ಕೂತುಬಿಡುತ್ತೆ ಎಂದರು.
ಹಾಗಾಗಿ ಮಹಡಿಯ ಹೊಲಿಗೆಕೋಣೆಗೆ ಮರದ ಗೋಡೆ:
ಮತ್ತಿಯ ಕಂಬ, ನಾಲ್ಕಿಂಚು ಅಗಲ, ಎರಡಿಂಚು ದಪ್ಪ,
ತಲೆಯ ಮೇಲೆ ಸೂರು, ಸೂರಿನ ಮೇಲೆ ನೀರಿನ ಟ್ಯಾಂಕು.

ಕಾಳಾಚಾರಿ ಚೌಕಟ್ಟು ನಿಲ್ಲಿಸಿದ ಸಂಜೆ
ಕಂಬದ ಸಂದಿಗೊಂದರಂತೆ
ಜೋಗಿಮಟ್ಟಿಯ ಗಾಳಿಯಂತ್ರದ ರೆಕ್ಕೆಗಳು.
ಇಷ್ಟು ಚಂದ ಇದ್ದದ್ದನ್ನ ಮುಚ್ಚೋದ್ಯಾಕೆ,
ಹಲಗೆ ದುಡ್ಡಾದರೂ ಉಳಿಯಲಿ ಅಂದೆ.

ಆಚಾರಿ ವಾದಕ್ಕಿಳಿಯಲಿಲ್ಲ.
'ರುಕ್ಮಾಬಾಯೋರೆ, ಮೂಲೆಕಂಬಕ್ಕೆ ಹೆಗಲು ಕೊಡ್ರಿ.'
ಕೊಟ್ಟೆ.
ಐವತ್ತೆಂಟರ ಹೆಗಲಿಗೇ ಇಡೀ ಗೋಡೆ ವಾಲಿ
ಕಿಟಕಿಯ ಚೌಕ ಶಂಕರಪೋಳಿಯಾಯಿತು.
ಆಮೇಲೆ ಒಂದು ರೀಪು ನಿಲ್ಲಿಸಿ ಅಂಗೈಯಿಂದ ಒತ್ತಿದ:
ಮುರಿಯಲಿಲ್ಲ ಅದು, ತೆಳುವಾದ ಕಡೆಗೆ ಬಿಲ್ಲಾಯಿತು.
'ಭಾರ ಹೊರೋಕೆ ಇದಕ್ಕೆ ಭಯ ಇಲ್ಲ.
ಪಕ್ಕದಾಗೆ ಹಿಡಿಯೋರು ಇಲ್ಲ, ಅಷ್ಟೆ.'

ನನಗೆ ತಿಳಿಯದ್ದೇ ಇದು?
ನೂಲಿನ ಗುಂಟ ಎಳೆದರೆ ಬಟ್ಟೆ ಜಗ್ಗುವುದಿಲ್ಲ.
ಓರೆಗೆ ಎಳೆಯಿರಿ,
ನೇಯ್ದವನಿಗೂ ಗುರುತು ಸಿಗದ ಹಾಗೆ ಜೋಲುತ್ತದೆ.
'ಕಾಲರಿಗೆ ಕ್ಯಾನ್ವಾಸು ಕೊಟ್ಟಂಗೇನ್ರೀ?'
ಆಚಾರಿ ಪೆನ್ಸಿಲು ಕಿವಿಗೆ ಸಿಕ್ಕಿಸಿ
ಪ್ಲೈವುಡ್ಡು ಎತ್ತಿದ.

ಅಂಚಿಗೆ ಆರಿಂಚಿಗೊಂದು ಮೊಳೆ, ಒಡಲಿಗೆ ಅಡಿಗೊಂದು.
ಎರಡು ಹಲಗೆ ಕೂಡುವಲ್ಲಿ ಮೊಳೆಯಷ್ಟೇ ಸಂದಿ:
ಬಟ್ಟೆ ನೀರಿಗೆ ಕುಗ್ಗುತ್ತದೆ, ಹಲಗೆ ಹಿಗ್ಗುತ್ತದಂತೆ.
ಕೈಯಾಳು ಪಾಲಯ್ಯ ಅಂಚಿನ ಒಂದು ಸಾಲು
ಹತ್ತಿಂಚಿಗೆ ಹೊಡೆದು ಬೀಡಿಗೆ ಹೋಗಿದ್ದ.
ಕೊರಳ ಟೇಪು ಬಿಚ್ಚಿ ಅಳೆದೆ, ಮತ್ತೆ ಹೊಡೆಸಿದೆ.
ಟಾಕು ಎಗರಿಸಿದ ಹುಡುಗಿಯರಿಗೂ ನನ್ನಲ್ಲಿ ಇದೇ ಶಿಕ್ಷೆ.
ಬೈದುಕೊಂಡಿರಬೇಕು. ಬೈಯಲಿ.

ಆಷಾಢ ಬಂತು. ರಾತ್ರಿಯಿಡೀ ಬೆಟ್ಟದಿಂದಿಳಿದ ಗಾಳಿ
ಗೋಡೆಗೆ ಹೆಗಲು ಕೊಟ್ಟು ನೋಡಿತು,
ನನಗಿಂತ ಬಲವಾದ ಹೆಗಲು.
ಹತ್ತಿರದಲ್ಲೆಲ್ಲೋ ತಗಡು ಹಾರಿದ ಸದ್ದು.
ಟ್ಯಾಂಕಿನ ನೀರು ತುಳುಕಿದ್ದು ಕೇಳಿಸಿತು.
ಮೊಳೆಗೆ ತೂಗಿದ ಕತ್ತರಿ
ಮಾತ್ರ ತೂಗಲಿಲ್ಲ.

ಬೆಳಿಗ್ಗೆ ಮಿಷನ್ನಿಗೆ ಕೂತೆ.
ಯಾರದೋ ಲಂಗ, ಎಂಟು ಕಳಿ, ಎಲ್ಲವೂ ಓರೆ ಕತ್ತರಿಕೆ.
ಗಾಳಿಯಂತ್ರ ಈಗ ಪೂರ್ತಿ ಕಾಣುವುದಿಲ್ಲ.
ಕಿಟಕಿಯಲ್ಲಿ ಒಂದೇ ಒಂದು ರೆಕ್ಕೆ
ಬರುತ್ತದೆ, ಹೋಗುತ್ತದೆ.
ಅಷ್ಟು ಬಿಟ್ಟುಕೊಟ್ಟಿದ್ದೇನೆ.