ಸುತ್ತುಬಡ್ಡಿ

ಭಿಶಿ ಎತ್ತಿದ ನಲವತ್ತೊಂದು ಸಾವಿರ
ಹೊಲಿಗೆ ಮಷಿನ್ನಿನ ಡ್ರಾವರಿನಲ್ಲಿ, ಬಾಬಿನ್‌ಗಳ ಅಡಿ
ಮೂರು ರಾತ್ರಿಯಿಂದ ಮಲಗಿದೆ.
ನಾನು ಮಲಗಿಲ್ಲ.

ಬಟ್ಟೆಗೆ ಗುರುತು ಹಾಕುವ ಚಾಕಿನಿಂದ
ಕತ್ತರಿ ಮೇಜಿನ ಮೇಲೆ ಸಾಲಗಾರರ ಹೆಸರು ಬರೆದೆ.
ಸಾಲಗಾರ ಅಂದರೆ ಕೊಟ್ಟವನೋ, ತಗೊಂಡವನೋ?
ನಮ್ಮ ಮಾತಿನಲ್ಲಿ ಇಬ್ಬರೂ.
ಒಂದೇ ಹೆಸರಿನೊಳಗೆ ಇಬ್ಬರನ್ನು ಕೂಡಿಹಾಕಿದವರು
ಯಾರೋ ಅನುಭವಸ್ಥರೇ ಇರಬೇಕು.

ಬ್ಯಾಂಕಿನ ಕಾರ್ಡು, ಮೂವತ್ತೆಂಟು ಸಾವಿರದ ನಾನೂರು.
ನೂರಕ್ಕೆ ತಿಂಗಳಿಗೆ ಮೂರೂವರೆ.
ಇವರು ಬಂದರಿನ ಏಣಿಯಿಂದ ಬಿದ್ದ ರಾತ್ರಿ ಉಜ್ಜಿದ್ದು,
ಅರ್ಧ ನಿಮಿಷದ ಕೆಲಸ.
ಹುಬ್ಬಳ್ಳಿಯಲ್ಲಿ ಮಾಡಿಸಿದ ನನ್ನ ಬಿಲ್ವಾರ ಫೈನಾನ್ಸಿನ ಕಪಾಟಿನಲ್ಲಿ;
ಹರಾಜಿನ ನೋಟೀಸು ಬಂದಿದೆ, ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ.
ಫ್ರಿಜ್ಜಿನದು ನಾಲ್ಕು ಕಂತು.
ಮೈದುನನ ಹದಿನೈದು ಸಾವಿರ, ಬಡ್ಡಿಯಿಲ್ಲ,
ಹಬ್ಬಕ್ಕೊಮ್ಮೆ ಫೋನು: "ದೊಡ್ಡ ಮಂದಿ ಅರಾಮ ಅದೀರೇನು?"
ಶಿರೋಡ್ಕರ್ ಅಂಗಡಿಯ ಉದ್ದರಿ. ಅದನ್ನು ಪೂರ್ತಿ ತೀರಿಸುವಂತಿಲ್ಲ,
ಬೇರೆ ಅಂಗಡಿ ಹಿಡಿದೆವೆಂದು ಮುನಿಸಿಕೊಳ್ಳುತ್ತಾನೆ.

ಕಾಮರ್ಸ್ ಓದುವ ಗಂಗೋತ್ರಿ ಹೇಳಿದಳು:
"ಎಲ್ಲಿ ಬಡ್ಡಿ ಜಾಸ್ತಿ ಅಲ್ಲಿ ಮೊದಲ ಕಟ್ಟಬೇಕು, ಅವ್ವಾ.
ಇದು ಬರೇ ಲೆಕ್ಕ ಐತಿ."
ಇವರು ಮಂಚದಿಂದಲೇ:
"ಸಣ್ಣವು ಮೊದಲ ಹರಕೋ. ಆರು ಮಂದಿ ಮೂರು ಮಂದಿ ಆದ್ರ
ನಿದ್ದಿ ಬರತೈತಿ."
ಇಬ್ಬರದೂ ಸರಿ. ಫ್ರಿಜ್ಜು ಗುರುಗುಟ್ಟಿತು, ಅದರದೂ ಸರಿ.

ಆರನೆಯ ಹೆಸರನ್ನು ಮೇಜಿನ ಅಂಚಿಗೆ, ಸಣ್ಣಗೆ ಬರೆದಿದ್ದೆ.
ಎಸ್ಪರಾನ್ಸಾ ಬಾಯಿ, ಎಂಟು ಸಾವಿರ.
ಕಾಗದವಿಲ್ಲ, ತಾರೀಖಿಲ್ಲ, ಒಮ್ಮೆಯೂ ಕೇಳಿಲ್ಲ.
ಚಿಕಲಿಮ್ ಆಸ್ಪತ್ರೆಯ ಬೆಂಚಿನಲ್ಲಿ ಅವಳು ತೆಗೆದ ಲಕೋಟೆಯ ಮೇಲೆ
ಪೆನ್ಸಿಲ್ಲಿನಲ್ಲಿ ಬರೆದಿತ್ತು: ಬಾಗಿಲು.
ಆ ಬಾಗಿಲು ಇವತ್ತಿಗೂ ಹಾಗೇ ಇದೆ, ಕೆಳಗೆ ಮಳೆ ತಿಂದಲ್ಲಿ
ಬಿಸ್ಕೀಟು ಡಬ್ಬಿಯ ಮುಚ್ಚಳ ಬಡಿದು.

ಶಾಲೆಗೆ ಯೂನಿಫಾರ್ಮು ಒಯ್ಯುವ ನೆಟ್ಟನೆಯ ದಾರಿ
ಅವಳ ಜಗಲಿಯ ಮುಂದೆಯೇ ಹೋಗುತ್ತದೆ.
ನಾನು ಮೀನು ಮಾರ್ಕೆಟ್ಟು ಸುತ್ತಿ ಹೋಗುತ್ತೇನೆ,
ಬಿಳಿ ಅಂಗಿಗಳಿಗೆ ಕಲ್ಲಿದ್ದಲ ಧೂಳು ಕೂರದಂತೆ ಎದೆಗವಚಿ.
ದಿನಕ್ಕೆ ಎಂಟು ನಿಮಿಷ ಹೆಚ್ಚು.
ತಿಂಗಳಿಗೆ ಇಪ್ಪತ್ತಾರು ದಿನ. ಇಪ್ಪತ್ತೆಂಟು ತಿಂಗಳು.
ಚಾಕಿನಿಂದಲೇ ಗುಣಿಸಿದೆ: ತೊಂಬತ್ತೇಳು ತಾಸು.
ಅಷ್ಟರಲ್ಲಿ ಅರವತ್ತು ಲಂಗ ಹೊಲಿಯಬಹುದಿತ್ತು,
ಲಂಗಕ್ಕೆ ನೂರಾ ಮೂವತ್ತು.
ಅಸಲಿಗೆ ಇನ್ನೂರು ಕಡಿಮೆ.

ಗಂಗೋತ್ರಿಗೆ ತೋರಿಸಲಿಲ್ಲ. ತೋಳಿನಿಂದ ಒರೆಸಿದೆ.

ಬೆಳಿಗ್ಗೆ ನೋಟು ಹಂಚಿದೆ, ಇಸ್ಪೀಟಿನ ಹಾಗೆ.
ಇನ್ನೊಂದು ಏಣಿ ಇದ್ದೇ ಇರುತ್ತದೆಂದು ಅಕ್ಕಿ ಡಬ್ಬಿಗೆ ನಾಲ್ಕು.
ಹರಾಜು ತಡೆಯಲು ಆರು ಸಾವಿರದ ನೂರು.
ಫ್ರಿಜ್ಜಿಗೆ ಒಂದು ಕಂತು, ಸಾವಿರದ ಆರುನೂರ ಐವತ್ತು.
ಮೈದುನನ ನಗೆಯನ್ನು ಇನ್ನೊಂದು ಯುಗಾದಿ ತಡೆದುಕೊಳ್ಳಬಹುದು.
ಕಾರ್ಡಿನ ಬಾಯಿಗೆ ಇಪ್ಪತ್ತೇಳು ಸಾವಿರದ ಇನ್ನೂರ ಐವತ್ತು;
ಕಟ್ಟಿದ ತಾಸಿನಲ್ಲೇ ಮೆಸೇಜು,
ಅಭಿನಂದನೆ, ನಿಮ್ಮ ಮಿತಿ ಹೆಚ್ಚಿಸಿದ್ದೇವೆ.
ಉಳಿದದ್ದು ಎರಡು.

ಸಂಜೆ ನೆಟ್ಟನೆ ದಾರಿ ಹಿಡಿದೆ.
ಬೇಡ ಬಿಡು, ಇರಲಿ ಬಿಡು ಅಂದುಬಿಟ್ಟರೆ ಏನು ಮಾಡುವುದು
ಎಂಬುದೊಂದೇ ಹೆದರಿಕೆ.
ಅನ್ನಲಿಲ್ಲ.
ಬೆರಳಿಗೆ ಎಂಜಲು ಹಚ್ಚಿ ಎಣಿಸಿದಳು. ಬೆಳಕಿಗೆ ಹಿಡಿದು
ಮತ್ತೊಮ್ಮೆ ಎಣಿಸಿದಳು.
"ಆನಿ ಸ ಹಜಾರ್" ಅಂದಳು.
ಹೌದು, ಇನ್ನು ಆರು, ಅಂದೆ ನಾನು,
ನನ್ನ ದನಿ ನನಗೇ ಜೋರಾಗಿ ಕೇಳಿತು.
ಅವಳು ಒಳಗಿಂದ ಅದೇ ಲಕೋಟೆ ತಂದಳು,
ಗಂಡ ಈಗಲೂ ಏಣಿ ಹತ್ತುತ್ತಾನಾ ಎಂದು ಕೇಳಿದಳು.

ಮನೆಗೆ ಎಂಟು ನಿಮಿಷ ಮೊದಲೇ ಬಂದೆ.
ಕುಕ್ಕರು ಇನ್ನೂ ಎರಡನೇ ಸೀಟಿ ಹೊಡೆದಿರಲಿಲ್ಲ.