ಇಂದ, ವರೆಗೆ

ಸಂಡೂರಿನ ಗಣಿ ಕಂಪನಿಯ ಕೋರ್ ಶೆಡ್ಡಿನಲ್ಲಿ
ನನ್ನದು ಕಲ್ಲಿಗೆ ಲೆಕ್ಕ ಬರೆಯುವ ಕೆಲಸ.
ಗುಡ್ಡದ ಹೊಟ್ಟೆಯಿಂದ ಡ್ರಿಲ್ಲು ತೆಗೆದ
ಕೋಲುಗಲ್ಲುಗಳನ್ನು ತಗಡಿನ ಪೆಟ್ಟಿಗೆಯಲ್ಲಿ
ಸಾಲಾಗಿ ಮಲಗಿಸಿ ಮಾರ್ಕರಿನಲ್ಲಿ ಬರೆಯುತ್ತೇನೆ:
ಇಂದ — ನಲವತ್ತೆರಡು ಮೀಟರ್,
ವರೆಗೆ — ನಲವತ್ತೈದು.

ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪಟ್ಟಿ ಮೂಡುತ್ತದೆ,
ಕೆಂಪು, ಕಪ್ಪು, ಮತ್ತೆ ಕೆಂಪು,
ಲಂಬಾಣಿ ಹೆಂಗಸರ ಹೊಲಿಗೆಯ ಹಾಗೆ ಒತ್ತೊತ್ತು.
ಫರ್ಹಾನಾ ಮೇಡಂ ಟೀ ಕುಡಿಯುತ್ತ ಹೇಳಿದ್ದರು:
ಇಲ್ಲಿ ಕಡಲಿತ್ತು. ಮೂಗಿಲ್ಲದ, ಬಾಯಿಲ್ಲದ
ಯಾವುದೋ ಲೋಳೆಜೀವ ಬಿಸಿಲುಂಡು ಉಸಿರು ಬಿಟ್ಟಿತು.
ನೀರಲ್ಲಿ ಕರಗಿದ್ದ ಕಬ್ಬಿಣಕ್ಕೆಲ್ಲ
ಆ ಉಸಿರು ತಾಗಿ ತುಕ್ಕು ಹಿಡಿಯಿತು.
ಇನ್ನೂರೈವತ್ತು ಕೋಟಿ ವರ್ಷ, ಅದಕ್ಕೂ ಮೇಲೆ.
ನಿಮ್ಮ ಲಾರಿಗಳು ಹೊರುವುದೆಲ್ಲ ಆ ಉಸಿರೇ.

ನಾನೋ, ಆದಿತ್ಯವಾರ ಚರ್ಚಿನಲ್ಲಿ
ಮಕ್ಕಳ ಕೈಲಿ ಮಣ್ಣಿನ ಗೊಂಬೆ ಮಾಡಿಸಿ
ಅದರ ಮೂಗಿಗೆ ಊದಿಸುವವಳು.

ಮನೆಯಲ್ಲಿ ಹೇಳಿದೆ. ಉಪದೇಶಿ ದೊಡ್ಡಪ್ಪ ತಟ್ಟೆ ಸರಿಸಿದ.
ಮೊದಲ ಮನುಷ್ಯನಿಂದ ಹಿಡಿದು
ಇಂಥವನಿಗೆ ಇಂಥವನು ಹುಟ್ಟಿದ ಎಂದು
ಬೆರಳ ಗೆಣ್ಣುಗಳಲ್ಲಿ ಅವನ ಲೆಕ್ಕ ಪಕ್ಕಾ:
ಆರು ಸಾವಿರ, ಮೇಲೆ ಚಿಲ್ಲರೆ.
"ಲೋಳಿಗೆ ಹುಟ್ಟಿದವರೇನವ್ವ ನಾವು?
ನಾಳಿ ಮಂಗ್ಯಾ ನಮ್ಮ ಬೀಗ ಅಂತೀ."
ನಾಲ್ಕು ತಿಂಗಳು ನಾನು ತಟ್ಟಿದ ರೊಟ್ಟಿ ಮುಟ್ಟಲಿಲ್ಲ.

ಹೆಸರಿಗೆ ಆರೋಗ್ಯಪ್ಪ.
ಇಪ್ಪತ್ತಾರು ವರ್ಷ ಕ್ರಷರಿನ ಪಕ್ಕ ನಿಂತ ಎದೆ.
ಕೆಮ್ಮಿದರೆ ಕರ್ಚೀಫು ಕೆಂಪು;
ರಕ್ತವೋ ಅದಿರೋ, ಡಾಕ್ಟರಿಗೂ ಒಮ್ಮೆಲೇ ತಿಳಿಯದು.
ವಿಭೂತಿ ಬುಧವಾರ ಹಣೆಗಿಟ್ಟ ಬೂದಿ
ಮನೆ ಮುಟ್ಟುವಷ್ಟರಲ್ಲಿ ಕೆಂಪಾಗಿರುತ್ತಿತ್ತು.

ಬಳ್ಳಾರಿಯ ದೊಡ್ಡಾಸ್ಪತ್ರೆ. ಮೂಗಿಗೆ ನಳಿಗೆ.
ಸಿಲಿಂಡರಿನ ಬಾಟಲಿ ಬುಳುಬುಳು ಎನ್ನುತ್ತಿತ್ತು.
ನಡುರಾತ್ರಿ ನನ್ನ ಕೈ ಜಗ್ಗಿದ:
"ಆ ಲೋಳಿ ಕಥಿ ಇನ್ನೊಮ್ಮೆ ಹೇಳವ್ವ."
ಹೇಳಿದೆ. ಕೇಳುತ್ತ ಕೇಳುತ್ತ
ನಳಿಗೆ ಮುಟ್ಟಿ ನೋಡಿಕೊಂಡ.
"ಊದಿದ ಅಂತ ಬರ್ದೈತಿ.
ಎಷ್ಟೊತ್ತು ಊದಿದ ಅಂತ ಬರ್ದಿಲ್ಲ ನೋಡು."
ಆಮೇಲೆ ನೀರು ಕೇಳಿದ. ನರ್ಸನ್ನು ಬೈದ.

ಅವನಿಗೆ ಅಷ್ಟು ಸಾಕಾಯಿತು. ನನಗೆ ಸಾಲದು.
ದಿನ ಎಷ್ಟುದ್ದ ಎಂಬುದಲ್ಲ ನನ್ನ ತಕರಾರು.
ಮೇಡಂ ಇನ್ನೊಂದು ಮಾತೂ ಹೇಳಿದ್ದರು:
ಆ ಉಸಿರು, ಅದಕ್ಕೂ ಮೊದಲಿದ್ದ ಜೀವಗಳಿಗೆ
ವಿಷವಾಯಿತಂತೆ.
ಹಣ್ಣು ಕಚ್ಚುವ ಬಾಯಿ ಹುಟ್ಟುವ ಮೊದಲೇ
ಸಾವಿತ್ತು, ಪಾಪಕ್ಕಿಂತ ಹಳೆಯದು,
ಯಾರ ತಪ್ಪಿಗೂ ಅಲ್ಲದ ಸಾವು.
ಶಿಲುಬೆಯ ಮುಂದೆ ಮೊಣಕಾಲೂರಿ ಇದನ್ನೇ ಕೇಳುತ್ತೇನೆ.
ಅವನೂ ಉಸಿರು ಕಟ್ಟಿಯೇ ಸತ್ತವನು.
ಇದು ಉತ್ತರವಲ್ಲ, ಗೊತ್ತು.
ಬೇರೆ ಯಾರನ್ನು ಕೇಳಲಿ?

ದೊಡ್ಡಪ್ಪನ ಗುಂಡಿ ತೋಡುವಾಗ ಗುದ್ದಲಿಗೆ ಕಿಡಿ ಹಾರಿತು.
ಮೂರಡಿಗೇ ಪಟ್ಟಿಗಲ್ಲು; ಹಾರೆ ತರಿಸಿದರು.
ಮೂರು ಹಿಡಿ ಮಣ್ಣು ಹಾಕಿದೆ.
ಕೈ ತೊಳೆಯದೆ ಸಂಜೆ ಶೆಡ್ಡಿಗೆ ಹೋಗಿ
ಹೊಸ ಪೆಟ್ಟಿಗೆಯ ಮೇಲೆ
ಇಂದ — ಎಂದು ಬರೆದು ಒಂದು ಸೊನ್ನೆ ಇಟ್ಟೆ.
ವರೆಗೆ ಎಂಬಲ್ಲಿ ಮಾರ್ಕರ್ ಹಿಡಿದು ಕೂತೇ ಇದ್ದೆ,
ವಾಚ್‌ಮನ್ ಹೊನ್ನೂರಸಾಬ
ಬಂದು ದೀಪ ಆರಿಸುವ ತನಕ.